ಗುದ್ದಲಿ ಪೂಜೆಗೂ ಗೃಹಪ್ರವೇಶಕ್ಕೂ ನಡುವೆ

ತಿಪಟೂರಿನ ನಮ್ಮ ಮನೆಯ ಆಲ್ಬಮ್ಮಿನಲ್ಲಿ ಮನೆ ಕಟ್ಟಿದ ಕಾಲದ ಹದಿನಾರು ಫೋಟೊಗಳಿವೆ. 1988ರಲ್ಲಿ ಕಟ್ಟಿದ ಮನೆ. ಏಳು ಫೋಟೊ ಗುದ್ದಲಿ ಪೂಜೆಯವು, ಒಂಬತ್ತು ಗೃಹಪ್ರವೇಶದವು. ಎರಡರ ನಡುವೆ ಹನ್ನೊಂದು ತಿಂಗಳು ಕೆಲಸ ನಡೆಯಿತು. ಆ ಹನ್ನೊಂದು ತಿಂಗಳಿನ ಒಂದೇ ಒಂದು ಚಿತ್ರ ಇಲ್ಲ. ಪಾಯ ತೋಡಿದ್ದಿಲ್ಲ, ಗೋಡೆ ಎದ್ದಿದ್ದಿಲ್ಲ, ಮೋಲ್ಡ್ ಹಾಕಿದ ದಿನ ಕತ್ತಲಾದರೂ ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತಿದ್ದದ್ದೂ ಇಲ್ಲ. ಗೃಹಪ್ರವೇಶದ ಒಂದು ಫೋಟೊದ ಅಂಚಿನಲ್ಲಿ ಮೇಸ್ತ್ರಿ ನಿಂತಿದ್ದಾರೆ. ಕೈಯಲ್ಲಿ ನಾವು ಕೊಟ್ಟ ಹೊಸ ಪಂಚೆ, ಶಲ್ಯ. ಅರ್ಧ ಮುಖ ಫೋಟೊದಿಂದ ಹೊರಗೆ ಹೋಗಿದೆ. ಅವರ ಹೆಸರೇನು ಅಂತ ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಮೇಸ್ತ್ರಿ ಅಂತಲೇ ಕರೀತಿದ್ವಿ ಕಣೋ’ ಅಂದರು.

ಈ ಖಾಲಿ ಜಾಗ ನನ್ನ ಕಣ್ಣಿಗೆ ಬಿದ್ದದ್ದು ನ್ಯೂಯಾರ್ಕಿಗೆ ಬಂದ ಮೇಲೆ. ಹದಿನಾಲ್ಕು ವರ್ಷದಿಂದ ಕ್ವೀನ್ಸಿನ ಸನ್ನಿಸೈಡಿನಲ್ಲಿದ್ದೇನೆ. ಕೆಲಸಕ್ಕೆ ಹೋಗುವ 7ನೇ ನಂಬರಿನ ರೈಲು ನಮ್ಮ ಕಡೆ ನೆಲದ ಮೇಲೆ, ಎತ್ತರದ ಕಮಾನುಗಳ ಮೇಲೆ ಓಡುತ್ತದೆ. ಅದರ ಕಿಟಕಿಯಿಂದ ದಿನಾ ಎಂಪೈರ್ ಸ್ಟೇಟ್ ಕಟ್ಟಡ ಕಾಣುತ್ತದೆ. ಬಹಳ ದಿನ ಅದು ನನಗೆ ಬರೀ ಒಂದು ಕಟ್ಟಡವಾಗಿತ್ತು. ಅದನ್ನು ಕಟ್ಟುವಾಗ ಲೂಯಿಸ್ ಹೈನ್ ಅನ್ನುವ ಫೋಟೊಗ್ರಾಫರ್ ತೆಗೆದ ಫೋಟೊಗಳನ್ನು ನೋಡಿದ ಮೇಲೆ ಹಾಗೆ ನೋಡಲು ಆಗಲೇ ಇಲ್ಲ.

1930ರ ಮಾರ್ಚಿನಲ್ಲಿ ಆ ಕಟ್ಟಡ ಮೇಲೇಳಲು ಶುರುವಾಯಿತು. 1931ರ ಮೇ 1ಕ್ಕೆ ಬಾಗಿಲು ತೆರೆಯಿತು. 102 ಅಂತಸ್ತು, 1,250 ಅಡಿ, ಹದಿನಾಲ್ಕು ತಿಂಗಳೂ ತುಂಬಿರಲಿಲ್ಲ. ಕೆಲಸ ಜೋರಾಗಿದ್ದಾಗ ವಾರಕ್ಕೆ ನಾಲ್ಕೂವರೆ ಅಂತಸ್ತು ಏಳುತ್ತಿತ್ತು. ಒಂದೇ ದಿನ 3,400ಕ್ಕೂ ಜಾಸ್ತಿ ಜನ ದುಡಿದದ್ದಿದೆ. ಆ ಕೆಲಸದ ಫೋಟೊ ತೆಗೆಯಲು ಹೈನ್ ಅವರನ್ನು ಕರೆದಾಗ ಅವರಿಗೆ ಐವತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ಭಾರದ ಕ್ಯಾಮೆರಾ ಹೊತ್ತು ಕಂಬಿಗಳ ಮೇಲೆ ಹತ್ತಿದರು. ಫಿಫ್ತ್ ಅವೆನ್ಯೂ ಮೇಲೆ, ಸಾವಿರ ಅಡಿ ಎತ್ತರದಲ್ಲಿ, ಹೊರಗೆ ಚಾಚಿದ ಬುಟ್ಟಿಯಲ್ಲಿ ನಿಂತು ಚಿತ್ರ ತೆಗೆದರು.

ಅವರ ಚಿತ್ರಗಳಲ್ಲಿ ನನಗೆ ತುಂಬ ಇಷ್ಟವಾದವು ರಿವೆಟ್, ಅಂದರೆ ಉಕ್ಕಿನ ತೊಲೆಗಳನ್ನು ಜೋಡಿಸುವ ದಪ್ಪ ಮೊಳೆ, ಹೊಡೆಯುವವರವು. ನಾಲ್ಕು ಜನರ ಗುಂಪು. ಒಬ್ಬ ಕುಲುಮೆಯಲ್ಲಿ ರಿವೆಟ್ಟನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಎತ್ತಿ ಎಸೆಯುತ್ತಾನೆ. ದೂರದಲ್ಲಿ ತೊಲೆಯ ಮೇಲೆ ನಿಂತ ಇನ್ನೊಬ್ಬ ಅದನ್ನು ತಗಡಿನ ಡಬ್ಬಿಯಲ್ಲಿ ಹಿಡಿದು ತೂತಿಗೆ ಕೂರಿಸುತ್ತಾನೆ. ಮೂರನೆಯವನು ಒಂದು ಕಡೆಯಿಂದ ಒತ್ತಿ ಹಿಡಿಯುತ್ತಾನೆ. ನಾಲ್ಕನೆಯವನು ಗಾಳಿಯ ಸುತ್ತಿಗೆಯಿಂದ ಬಡಿದು ತಲೆ ಮಾಡುತ್ತಾನೆ. ಉಕ್ಕು ಆರುವುದರೊಳಗೆ ಎಲ್ಲ ಮುಗಿಯಬೇಕು. ಒಬ್ಬನ ಕೈ ತಪ್ಪಿದರೆ ಕೆಂಡದಂಥ ಉಕ್ಕು ಕೆಳಗಿನವರ ಮೇಲೆ ಬೀಳುತ್ತದೆ. ನಾಲ್ವರ ಕಣ್ಣೂ ಕೈಯೂ ಒಂದೇ ಆಗಿರಬೇಕು, ಅಲ್ವಾ? ನಮ್ಮಲ್ಲಿ ಇಟ್ಟಿಗೆ ಎಸೆಯುವವರು, ಮೇಲೆ ನಿಂತು ಹಿಡಿಯುವವರು ಇದೇ ತಾಳದಲ್ಲಿ ಕೆಲಸ ಮಾಡುವುದನ್ನು ಚಿಕ್ಕವನಿದ್ದಾಗ ಗಂಟೆಗಟ್ಟಲೆ ನೋಡುತ್ತಾ ನಿಂತಿದ್ದೇನೆ. ಒಂದು ಇಟ್ಟಿಗೆಯೂ ಬೀಳುತ್ತಿರಲಿಲ್ಲ. ಅದರ ಚಿತ್ರ ನನ್ನ ತಲೆಯಲ್ಲಿ ಮಾತ್ರ ಇದೆ.

ಹೈನ್ ಅದಕ್ಕೂ ಮೊದಲು ಬಾಲಕಾರ್ಮಿಕರ ಫೋಟೊ ತೆಗೆದು ಹೆಸರಾದವರು. ಗಿರಣಿ, ಗಣಿಗಳಿಗೆ ಹೋಗಿ ದುಡಿಯುವ ಮಕ್ಕಳನ್ನು ಮಾತಾಡಿಸುತ್ತಿದ್ದರು. ಹೆಸರು, ವಯಸ್ಸು, ಕೂಲಿ ಕೇಳಿ ಬರೆದುಕೊಳ್ಳುತ್ತಿದ್ದರು. ತಮ್ಮ ಕೋಟಿನ ಎಷ್ಟನೇ ಗುಂಡಿಯವರೆಗೆ ಮಗು ಬರುತ್ತದೆ ಅಂತ ನೋಡಿ ಎತ್ತರ ಅಳೆಯುತ್ತಿದ್ದರು. ಅಂಥವರ ಎಂಪೈರ್ ಸ್ಟೇಟ್ ಚಿತ್ರಗಳಲ್ಲೂ ಬಹುಪಾಲು ಕೆಲಸಗಾರರ ಹೆಸರು ಸಿಗುವುದಿಲ್ಲ. ಅದು ನನಗೆ ನೋವಿನ ವಿಷಯ. ಹೈನ್ 1940ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರು ಹೋದ ಮೇಲೆ ಅವರ ಚಿತ್ರಗಳನ್ನು ಇಲ್ಲಿನ ಆಧುನಿಕ ಕಲೆಯ ಮ್ಯೂಸಿಯಂ ತೆಗೆದುಕೊಳ್ಳಲಿಲ್ಲ. ಕೊನೆಗೆ ಅವಕ್ಕೆ ರಾಚೆಸ್ಟರಿನ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಂನಲ್ಲಿ ಜಾಗ ಸಿಕ್ಕಿತು.

ಎಲ್ಲರೂ ನೋಡಿರುವ ಇನ್ನೊಂದು ಚಿತ್ರ ಇದೆ. ಹನ್ನೊಂದು ಜನ ಗಾಳಿಯಲ್ಲಿ ತೂಗುವ ತೊಲೆಯ ಮೇಲೆ ಕೂತು ಊಟ ಮಾಡುತ್ತಿದ್ದಾರೆ. ನಮ್ಮೂರ ಸಲೂನಿನ ಗೋಡೆಯ ಮೇಲೂ ಅದರ ಪೋಸ್ಟರ್ ಇತ್ತು. ಅದು ರಾಕ್‌ಫೆಲರ್ ಸೆಂಟರಿನ 69ನೇ ಅಂತಸ್ತು, 1932ರ ಸೆಪ್ಟೆಂಬರ್ 20. ಕಟ್ಟಡದ ಪ್ರಚಾರಕ್ಕೆ ಅಂತಲೇ ಕೂರಿಸಿ ತೆಗೆದದ್ದು. ಇಷ್ಟು ಹೆಸರಾದ ಚಿತ್ರ, ಆದರೂ ಖಚಿತವಾಗಿ ಗೊತ್ತಾದ ಹೆಸರುಗಳು ಬೆರಳೆಣಿಕೆಯಷ್ಟು. ತೆಗೆದವರು ಯಾರು ಅನ್ನುವುದೂ ತೀರ್ಮಾನವಾಗಿಲ್ಲ. ಆ ದಿನ ಅಲ್ಲಿ ಒಬ್ಬರಿಗಿಂತ ಹೆಚ್ಚು ಫೋಟೊಗ್ರಾಫರುಗಳಿದ್ದರು.

ಹಾಗಾಗಿ ‘ಅಮೆರಿಕದವರು ಎಲ್ಲ ಸರಿಯಾಗಿ ಮಾಡುತ್ತಾರೆ, ನಮ್ಮವರಿಗೆ ಬುದ್ಧಿ ಇಲ್ಲ’ ಅನ್ನುವ ಮಾತು ನನ್ನದಲ್ಲ. ಊರಿಗೆ ಹೋದಾಗ ಹೊರನಾಡಿನವರು ಆ ರಾಗ ತೆಗೆಯುವುದನ್ನು ಕೇಳಿದ್ದೇನೆ, ಬೇಜಾರಾಗುತ್ತದೆ. ಇಲ್ಲಿನವರೂ ಪ್ರೀತಿಯಿಂದಲೇ ಈ ಫೋಟೊಗಳನ್ನು ತೆಗೆದರು ಅಂತಿಲ್ಲ. 1900ರ ನಂತರ ಇಲ್ಲಿ ಸಬ್‌ವೇ, ಅಂದರೆ ನೆಲದಡಿಯ ರೈಲಿನ ದಾರಿ, ಅಗೆಯುವಾಗ ಪುಲಿಸ್ ಅನ್ನುವ ಫೋಟೊಗ್ರಾಫರ್ ಸೋದರರು ಬೀದಿ ಬೀದಿಯ ಕಟ್ಟಡಗಳ, ಹಳ್ಳಗಳ ಚಿತ್ರ ತೆಗೆದರು. ನಾಳೆ ಯಾರಾದರೂ ‘ನೀವು ಅಗೆದು ನಮ್ಮ ಗೋಡೆ ಬಿರುಕು ಬಿಟ್ಟಿತು’ ಅಂತ ಕೋರ್ಟಿಗೆ ಹೋದರೆ ಸಾಕ್ಷಿ ಬೇಕಲ್ಲ, ಅದಕ್ಕೆ. 1939ರಿಂದ 1941ರ ನಡುವೆ ತೆರಿಗೆ ಇಲಾಖೆಗಾಗಿ ಈ ನಗರದ ಒಂದೊಂದು ಕಟ್ಟಡದ ಫೋಟೊ ತೆಗೆದರು. ಅದೂ ಕಂದಾಯದ ಲೆಕ್ಕಕ್ಕೆ. ಆದರೆ ಕೆಲಸ ಮುಗಿದ ಮೇಲೆ ಎಸೆಯಲಿಲ್ಲ, ನೋಡಿ. ನನಗೆ ದೊಡ್ಡದಾಗಿ ಕಾಣುವುದು ಅದು. ಏಳು ಲಕ್ಷ ದಾಟುವ ಆ ಚಿತ್ರಗಳು 2018ರಲ್ಲಿ ಆನ್‌ಲೈನಿಗೆ ಬಂದವು. ನಾನಿರುವ ಕಟ್ಟಡವನ್ನೂ ಹುಡುಕಿದೆ, ಸಿಕ್ಕಿತು. ಅದೇ ಇಟ್ಟಿಗೆ, ಅದೇ ಮೆಟ್ಟಿಲು. ಮುಂದೆ ಬ್ಲಾಕ್ ನಂಬರ್, ಲಾಟ್ ನಂಬರ್ ಇರುವ ಒಂದು ಫಲಕ. ನನ್ನ ಅಡುಗೆಮನೆಯ ಕಿಟಕಿಯಲ್ಲಿ ಯಾರೋ ಬಟ್ಟೆ ಒಣಗಲು ಹಾಕಿದ್ದಾರೆ. ಬಾಡಿಗೆಗೆ ಬಂದ ನನಗೂ ಆ ಮನೆಗೂ ನಂಟು ಬೆಳೆದದ್ದು ಆ ಸಂಜೆ.

ಯೂಜೀನ್ ಡಿ ಸಾಲಿನ್ಯಾಕ್ ಅವರ ಕಥೆ ಇನ್ನೂ ಚೆಂದ. 1906ರಿಂದ 1934ರವರೆಗೆ ನಗರದ ಸೇತುವೆ ಇಲಾಖೆಯ ಫೋಟೊಗ್ರಾಫರ್ ಆಗಿದ್ದವರು. ಸುಮಾರು 20,000 ನೆಗೆಟಿವ್‌ಗಳು. 1914ರ ಅಕ್ಟೋಬರ್ 7ರಂದು ಬ್ರೂಕ್ಲಿನ್ ಸೇತುವೆಯ ಹಗ್ಗಗಳ ಮೇಲೆ ಬಣ್ಣ ಹೊಡೆಯುವವರನ್ನು ನಿಲ್ಲಿಸಿ ತೆಗೆದ ಚಿತ್ರ ನೋಡಿದರೆ ಜೇಡರ ಬಲೆಯಲ್ಲಿ ಮನುಷ್ಯರು ಕೂತ ಹಾಗಿದೆ. ಸಾಲಿನ್ಯಾಕ್ ಅವರನ್ನು ಜನ ಪೂರ್ತಿ ಮರೆತಿದ್ದರು. 1999ರಲ್ಲಿ ನಗರದ ದಾಖಲೆ ಕೋಣೆಯ ಒಬ್ಬ ನೌಕರ ಚಿತ್ರಗಳನ್ನು ನೋಡುತ್ತಾ, ನೆಗೆಟಿವ್ ಮೇಲಿನ ಅಂಕಿಗಳ ಕೈಬರಹ ನೋಡುತ್ತಾ, ಇದೆಲ್ಲ ಒಬ್ಬನದೇ ಕೈ ಅಂತ ಗುರುತಿಸಿದರು. ಡಬ್ಬಿಗಳು ಉಳಿದಿದ್ದಕ್ಕೆ ಹೆಸರೂ ಸಿಕ್ಕಿತು.

ಈಗ ನಮ್ಮ ಕಡೆಗೆ ಬರುತ್ತೇನೆ. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರ ಕಾಲದಲ್ಲಿ. ಕೆಂಗಲ್ ಹನುಮಂತಯ್ಯನವರು ಅದನ್ನು ಇಷ್ಟು ದೊಡ್ಡದಾಗಿ ಕಟ್ಟಿಸಿದರು, 1956ಕ್ಕೆ ಮುಗಿಯಿತು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಹೆಸರೂ ನಮಗೆ ಗೊತ್ತು. ಸಾವಿರಾರು ಕೂಲಿಗಳು, ಅವರಲ್ಲಿ ಜೈಲಿನ ಕೈದಿಗಳೂ ಇದ್ದರು. ಕಲ್ಲು ಕೆತ್ತುವವರು, ಗಾರೆಯವರು, ಮರಗೆಲಸದವರು ಬೇರೆ. ಆ ಗ್ರಾನೈಟಿನ ಮೇಲೆ ಉಳಿ ಓಡಿಸಿದ ಒಬ್ಬರ ಹೆಸರು ಹೇಳಿ ಅಂದರೆ ನಮ್ಮಲ್ಲಿ ಎಷ್ಟು ಜನ ಹೇಳುತ್ತೇವೆ? ಕಟ್ಟುವಾಗಿನ ಕೆಲವು ಕಪ್ಪುಬಿಳುಪು ಚಿತ್ರಗಳು ಮೊಬೈಲಿಂದ ಮೊಬೈಲಿಗೆ ಓಡಾಡುತ್ತವೆ. ಸಾರ್ವೆ ಕಟ್ಟಿದ ಕಂಬಗಳು, ಕೆಳಗೆ ಇರುವೆಯಂತೆ ಜನ. ನನಗೆ ಬಂದ ಯಾವುದರಲ್ಲೂ ತಾರೀಖಿಲ್ಲ, ತೆಗೆದವರ ಹೆಸರಿಲ್ಲ. ಅದೇ ಅಡಿಗಲ್ಲು ಸಮಾರಂಭದ ಚಿತ್ರಕ್ಕೆ ಎಲ್ಲವೂ ಇದೆ.

ಕನ್ನಂಬಾಡಿ ಕಟ್ಟೆಯನ್ನೇ ತೆಗೆದುಕೊಳ್ಳಿ. 1911ರಲ್ಲಿ ಶುರುವಾಗಿ ಎರಡು ದಶಕ ನಡೆದ ಕೆಲಸ. ಇಲ್ಲಿ ಎಂಪೈರ್ ಸ್ಟೇಟ್ ಏಳುತ್ತಿದ್ದ ಹೊತ್ತಿಗೇ ಅಲ್ಲಿ ಕಟ್ಟೆ ಮುಗಿಯುತ್ತಾ ಬಂದಿತ್ತು. ಇಲ್ಲಿ ಉಕ್ಕು, ಅಲ್ಲಿ ಕಲ್ಲು ಮತ್ತು ಸುಣ್ಣ, ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ವಿಶ್ವೇಶ್ವರಯ್ಯನವರ ಫೋಟೊ ಮಂಡ್ಯದ ಮನೆಮನೆಯಲ್ಲಿದೆ, ಇರಲೇಬೇಕು. ಪಕ್ಕದಲ್ಲಿ ಆ ಸುರ್ಕಿ ಅರೆದವರ ಒಂದು ಚಿತ್ರವೂ ಇದ್ದಿದ್ದರೆ ಅಂತ ನನಗೆ ಆಸೆ.

ಎರಡು ಕಡೆಯ ಚಿತ್ರ ಅಕ್ಕಪಕ್ಕ ಇಟ್ಟರೆ ಒಂದು ವ್ಯತ್ಯಾಸ ತಟ್ಟನೆ ಕಾಣುತ್ತದೆ. ಹೈನ್ ಅವರ ಆ ಚಿತ್ರಗಳಲ್ಲಿ ಕೆಲಸದವರೆಲ್ಲ ಗಂಡಸರು. ನಮ್ಮಲ್ಲಿ ಹೆಂಗಸರಿಲ್ಲದೆ ಒಂದು ಗೋಡೆಯೂ ಏಳುವುದಿಲ್ಲ. ತಲೆ ಮೇಲೆ ಸಿಂಬಿ, ಅದರ ಮೇಲೆ ಗಾರೆ ತುಂಬಿದ ಬಾಂಡ್ಲಿ, ಬಗಲಲ್ಲಿ ಕೂಸು. ಸೆಂಟ್ರಿಂಗ್ ಕಂಬಕ್ಕೆ ಹಳೇ ಸೀರೆಯ ಜೋಳಿಗೆ ಕಟ್ಟಿ ಮಗು ಮಲಗಿಸಿರುತ್ತಾರೆ. ಹಾಗಾಗಿ ಹೈನ್ ಚಿತ್ರಗಳ ಹಾಗೇ ನಮ್ಮಲ್ಲೂ ಇರಬೇಕು ಅಂತ ನಾನು ಹೇಳುವುದಿಲ್ಲ. ನಮ್ಮ ಚಿತ್ರ ಬೇರೆಯೇ. ಆಕಾಶದಲ್ಲಿ ತೂಗುವ ಗಂಡಸಲ್ಲ, ಮರದ ಏಣಿ ಹತ್ತುವ ಹೆಂಗಸು. ಅದನ್ನು ಯಾರೂ ನಮಗಾಗಿ ತೆಗೆದು ಕೊಡುವುದಿಲ್ಲ, ನಾವೇ ತೆಗೆಯಬೇಕು.

ಹೋಲಿಕೆಗಳೂ ಇವೆ. ಇಲ್ಲಿ ಉಕ್ಕಿನ ಕೊನೆಯ ತೊಲೆ ಏರಿಸುವ ದಿನ ಅದಕ್ಕೆ ಬಾವುಟವೋ ಸಣ್ಣ ಮರವೋ ಕಟ್ಟುತ್ತಾರೆ. ನಮ್ಮಲ್ಲಿ ಬೂದುಗುಂಬಳಕಾಯಿ, ದೃಷ್ಟಿ ಗೊಂಬೆ. ಉಕ್ಕಿನ ಕೆಲಸಕ್ಕೆ ಹೆಸರಾದವರಲ್ಲಿ ಕೆನಡಾ ಕಡೆಯ ಕಾನವಾಗೆಯಿಂದ ಬಂದ ಮೊಹಾಕ್ ಮೂಲನಿವಾಸಿಗಳಿದ್ದರು. 1907ರಲ್ಲಿ ಕ್ವಿಬೆಕ್ ಸೇತುವೆ ಕುಸಿದು 75 ಜನ ಸತ್ತಾಗ ಅವರಲ್ಲಿ 33 ಜನ ಆ ಒಂದೇ ಊರಿನವರು. ಆಮೇಲೂ ಆ ಕೆಲಸ ಬಿಡಲಿಲ್ಲ. ಬ್ರೂಕ್ಲಿನ್ನಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ರಜೆಗೆ ನೂರಾರು ಮೈಲಿ ಗಾಡಿ ಓಡಿಸಿ ಊರಿಗೆ ಹೋಗಿಬರುತ್ತಿದ್ದರು. ಇದನ್ನು ಓದುವಾಗ ನನಗೆ ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬರುವವರು ನೆನಪಾದರು. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ಕಟ್ಟಡ ಮುಗಿದ ದಿನ ಶೆಡ್ಡು ಎತ್ತುತ್ತಾರೆ. ಅಲ್ಲಿ ಒಂದು ಸಂಸಾರ ಎರಡು ವರ್ಷ ಇತ್ತು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ.

ಚಿತ್ರ ಎಲ್ಲವನ್ನೂ ಹೇಳುವುದಿಲ್ಲ, ಅದೂ ನಿಜ. ಎಂಪೈರ್ ಸ್ಟೇಟ್ ಕಟ್ಟುವಾಗ ಸತ್ತವರು ಐದು ಜನ ಅಂತ ಲೆಕ್ಕ ಇದೆ. ಆ ಸುಂದರ ಚಿತ್ರಗಳಲ್ಲಿ ಅವರ ಸಾವು ಕಾಣುವುದಿಲ್ಲ. ಆದರೆ ಚಿತ್ರ ಇದ್ದರೆ ಕೇಳುವುದಕ್ಕೆ ಒಂದು ದಾರಿ ಇರುತ್ತದೆ. ಇವನು ಯಾರು? ಸೊಂಟಕ್ಕೆ ಹಗ್ಗ ಯಾಕಿಲ್ಲ? ಸಂಜೆ ಮನೆಗೆ ಹೋದನಾ?

ಹೆಸರು ಬರೆದಿಡುವುದು ನಮಗೆ ಬಾರದ ವಿದ್ಯೆ ಏನಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ತಿಪಟೂರಿನಿಂದ ಅಷ್ಟೇನೂ ದೂರವಲ್ಲದ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿ ಇದೆ. ಅದರ ಒಂದು ಬದಿಯ ಕೆತ್ತನೆ ಬೈಚೋಜನದು, ಇನ್ನೊಂದು ಬದಿಯದು ಮಲ್ಲಿತಮ್ಮನದು. ಹೆಸರು ಕಲ್ಲಿನಲ್ಲೇ ಇದೆ, ಈಗಲೂ ಓದಬಹುದು. ಏಳುನೂರೈವತ್ತು ವರ್ಷಕ್ಕೂ ಹಿಂದಿನ ಕೆಲಸಗಾರ ಯಾರು ಅಂತ ನನಗೆ ಗೊತ್ತು. 1988ರಲ್ಲಿ ನಮ್ಮ ಮನೆ ಕಟ್ಟಿದವರು ಯಾರು ಅಂತ ಗೊತ್ತಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಆದರೂ ಗುದ್ದಲಿ ಪೂಜೆಯ ದಿನ ನೂರು ಫೋಟೊ, ಉದ್ಘಾಟನೆಯ ದಿನ ಐನೂರು, ನಡುವೆ ಏನೂ ಇಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೆಟ್ರೊ ಕಂಬ ಏಳುವಾಗ ಮರಗಳ ಸಾಲಿನ ಕಾಲುದಾರಿ ಬುಲೆವಾರ್ಡಿನ ನೆರಳು ಹೋಯಿತು. ಆಗ ಅಲ್ಲಿ ಓಡಾಡಿದವರ ಹಳೇ ಫೋನು, ಹಾರ್ಡ್‌ಡಿಸ್ಕುಗಳಲ್ಲಿ ಚೂರುಪಾರು ಚಿತ್ರ ಉಳಿದಿರುತ್ತವೆ. ಅವನ್ನು ಹುಡುಕಿ ತೆಗೆಯಿರಿ. ತಾರೀಖು, ಜಾಗ ಬರೆಯಿರಿ. ಊರಿನ ಲೈಬ್ರರಿಗೋ ಕಾಲೇಜಿಗೋ ಒಂದು ಪ್ರತಿ ಕೊಡಿ. ಇಲ್ಲಿನ ಸಾರ್ವಜನಿಕ ಗ್ರಂಥಾಲಯ ಹೈನ್ ಚಿತ್ರಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳುವ ಹಾಗೆ ಇಟ್ಟಿದೆ. ನಮ್ಮ ಜಿಲ್ಲಾ ಗ್ರಂಥಾಲಯಗಳಲ್ಲಿ ಒಂದು ಸ್ಕ್ಯಾನರ್, ಒಂದು ಕಂಪ್ಯೂಟರ್, ಆಸಕ್ತಿ ಇರುವ ಒಬ್ಬರು ಇದ್ದರೆ ಇದು ಶುರುವಾಗುತ್ತದೆ. ಕೋಟಿಗಟ್ಟಲೆ ದುಡ್ಡು ಬೇಕಿಲ್ಲ.

ತಮ್ಮ ಈಗ ಹಳೇ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದಾನೆ. ವಾರಕ್ಕೊಂದು ದಿನ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಬೇಕು, ಕೆಲಸದವರನ್ನು ಕೇಳಿಯೇ ತೆಗೆಯಬೇಕು, ಹೆಸರು ಊರು ಬರೆಯಬೇಕು ಅಂತ ಅವನ ಮಗನಿಗೆ ಹೇಳಿದ್ದೇನೆ. ಒಂಬತ್ತನೇ ಕ್ಲಾಸಿನ ಹುಡುಗ, ಚಾಚೂ ತಪ್ಪದೆ ಮಾಡುತ್ತಿದ್ದಾನೆ. ಕಳೆದ ಭಾನುವಾರ ಕಳಿಸಿದ ಚಿತ್ರದಲ್ಲಿ ಸಿಂಧನೂರು ಕಡೆಯ ಹೆಂಗಸೊಬ್ಬರು ಬಾಂಡ್ಲಿ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ಕ್ಯಾಮೆರಾ ನೋಡುತ್ತಾ ನಿಂತಿದ್ದಾರೆ. ಕೆಳಗೆ ಹೆಸರು, ಊರು, ತಾರೀಖು ಎಲ್ಲ ಇದೆ. ಅವರಿಗೂ ಒಂದು ಪ್ರಿಂಟ್ ಬೇಕಂತೆ. ನಾಳೆ ಹಾಕಿಸುತ್ತೇನೆ ಅಂತ ಬರೆದಿದ್ದಾನೆ.