ಸಂಸತ್ತಿನ ಆಯುಷ್ಯ ಯಾರ ಕೈಯಲ್ಲಿರಬೇಕು? ಶ್ರೀಲಂಕಾದ ಅಧ್ಯಕ್ಷ ಪದವಿಯ ಕುರಿತು

ಅಧ್ಯಕ್ಷರಿಗೂ ಶಾಸಕಾಂಗಕ್ಕೂ ನಡುವೆ ಅಧಿಕಾರ ಹೇಗೆ ಹಂಚಿಕೆಯಾಗಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳೂ ಟಿ.ವಿ. ಚರ್ಚೆಗಳೂ ನೇರವಾಗಿ ಅಮೆರಿಕದ ಕಡೆಗೆ ತಿರುಗುತ್ತವೆ. ಪಕ್ಕದ ಶ್ರೀಲಂಕಾದಲ್ಲಿ ಇದೇ ಪ್ರಶ್ನೆ 1978ರಿಂದ ಒಂದು ದೇಶದ ಹಣೆಬರಹವನ್ನೇ ಬರೆಯುತ್ತ ಬಂದಿದ್ದರೂ ನಾವು ಅದನ್ನು ಗಮನವಿಟ್ಟು ನೋಡಿದ್ದು ಕಡಿಮೆ. 2022ರ ಜುಲೈಯಲ್ಲಿ ಜನರು ಕೊಲಂಬೊದ ಅಧ್ಯಕ್ಷರ ನಿವಾಸಕ್ಕೆ ನುಗ್ಗಿ ಅಲ್ಲಿನ ಈಜುಕೊಳಕ್ಕೆ ಇಳಿದ ದೃಶ್ಯಗಳನ್ನು ಎಲ್ಲರೂ ಫೋನಿನಲ್ಲಿ ನೋಡಿದೆವು. ಆ ದಿನದವರೆಗೆ ಅಲ್ಲಿನ ಸಂಸತ್ತು ಏನು ಮಾಡುತ್ತಿತ್ತು, ಅಧ್ಯಕ್ಷರನ್ನು ತಡೆಯಲು ಅದಕ್ಕೆ ಏಕೆ ಆಗಲಿಲ್ಲ ಎಂದು ಕೇಳಿದವರು ವಿರಳ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೇನೆ, ಖಜಾನೆ, ನೇಮಕಾತಿ ಇವೆಲ್ಲಕ್ಕಿಂತ ದೊಡ್ಡ ಅಧಿಕಾರವೆಂದರೆ ಸಂಸತ್ತು ಯಾವಾಗ ಸೇರಬೇಕು, ಯಾವಾಗ ಚದುರಬೇಕು, ಎಷ್ಟು ದಿನ ಬದುಕಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ. ಅದು ಅಧ್ಯಕ್ಷರ ಕೈಯಲ್ಲಿ ಇರುವವರೆಗೆ ಉಳಿದ ಯಾವ ಅಂಕುಶವೂ ನಿಜವಾಗಿ ಕೆಲಸ ಮಾಡುವುದಿಲ್ಲ.

ಈ ಪದವಿಯ ಕಲ್ಪನೆ ಜೆ.ಆರ್. ಜಯವರ್ಧನೆಯವರದು. ಶಾಸಕಾಂಗದ ಮರ್ಜಿಗೆ ಸಿಕ್ಕಿ ಅಲುಗಾಡದ, ಸ್ಥಿರವಾದ ಕಾರ್ಯಾಂಗ ಬೇಕು ಎಂದು ಅವರು 1966ರ ಡಿಸೆಂಬರಿನಲ್ಲೇ ಸಾರ್ವಜನಿಕ ಉಪನ್ಯಾಸವೊಂದರಲ್ಲಿ ವಾದಿಸಿದ್ದರು. ಅವರದೇ ಪಕ್ಷದ ನಾಯಕರಾಗಿದ್ದ ಡಡ್ಲಿ ಸೇನಾನಾಯಕೆ ಅದನ್ನು ಒಪ್ಪಲಿಲ್ಲ. ಸೇನಾನಾಯಕೆ 1973ರಲ್ಲಿ ತೀರಿಕೊಂಡರು, ಪಕ್ಷ ಜಯವರ್ಧನೆಯವರ ಕೈಗೆ ಬಂತು, 1977ರ ಚುನಾವಣೆಯಲ್ಲಿ 168 ಸ್ಥಾನಗಳ ಪೈಕಿ 140 ಅವರ ಪಾಲಾದವು. ಸುಮಾರು ಅರ್ಧದಷ್ಟು ಮತಕ್ಕೆ ಆರರಲ್ಲಿ ಐದು ಪಾಲು ಸ್ಥಾನ. ಆ ಬಹುಮತದ ಬಲದಿಂದಲೇ ಅವರು 1978ರ ಫೆಬ್ರವರಿ 4ರಂದು ಕಾರ್ಯಾಂಗದ ಅಧಿಕಾರವುಳ್ಳ ಮೊದಲ ಅಧ್ಯಕ್ಷರಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನವೂ ಜಾರಿಗೆ ಬಂತು. ನಮ್ಮ ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 4ರಂದು ಅಂಬೇಡ್ಕರ್ ಅವರು ಕರಡನ್ನು ಮಂಡಿಸುತ್ತ, ಹೆಚ್ಚು ಸ್ಥಿರತೆ ಮತ್ತು ಹೆಚ್ಚು ಹೊಣೆಗಾರಿಕೆ ಇವೆರಡರಲ್ಲಿ ಕರಡು ಸಂವಿಧಾನವು ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ ಎಂದು ವಿವರಿಸಿದ್ದರು. ಜಯವರ್ಧನೆಯವರು ಅದೇ ಎರಡರ ನಡುವೆ ಸ್ಥಿರತೆಯನ್ನು ಆರಿಸಿಕೊಂಡರು. ಆ ಆಯ್ಕೆಯ ಬೆಲೆ ಏನೆಂದು ತಿಳಿಯಲು ಐದು ವರ್ಷ ಕೂಡ ಬೇಕಾಗಲಿಲ್ಲ.

1983ರಲ್ಲಿ ಸಂಸತ್ತಿನ ಅವಧಿ ಮುಗಿಯಬೇಕಿತ್ತು. ಹೊಸ ಸಂವಿಧಾನದಂತೆ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಸಿಗುವುದರಿಂದ ಆರರಲ್ಲಿ ಐದು ಪಾಲು ಬಹುಮತ ಮತ್ತೆ ಬರುವ ಸಾಧ್ಯತೆಯೇ ಇರಲಿಲ್ಲ. 1982ರ ಅಕ್ಟೋಬರಿನಲ್ಲಿ ಶೇ 52ಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರಾಗಿ ಮರು ಆಯ್ಕೆಯಾಗಿದ್ದ ಜಯವರ್ಧನೆ, ವಿರೋಧ ಪಕ್ಷದೊಳಗೆ ನಕ್ಸಲೀಯರ ಸಂಚು ನಡೆದಿದೆ ಎಂದು ಹೇಳಿ ಸಾರ್ವತ್ರಿಕ ಚುನಾವಣೆಯನ್ನೇ ಕೈಬಿಟ್ಟರು. ಅದರ ಬದಲಿಗೆ, ಇರುವ ಸಂಸತ್ತನ್ನೇ ಇನ್ನೂ ಆರು ವರ್ಷ ಮುಂದುವರಿಸಬಹುದೇ ಎಂದು ಜನಮತಗಣನೆ ನಡೆಸಿದರು. ಡಿಸೆಂಬರ್ 22ರಂದು ಮತಪತ್ರದಲ್ಲಿ ಎರಡು ಚಿಹ್ನೆಗಳಿದ್ದವು: ಹೌದು ಎನ್ನುವವರಿಗೆ ದೀಪ, ಬೇಡ ಎನ್ನುವವರಿಗೆ ಮಡಕೆ. ತುರ್ತು ಪರಿಸ್ಥಿತಿಯ ನಿಯಮಗಳು ಜಾರಿಯಲ್ಲಿದ್ದಾಗಲೇ ಮತದಾನ ನಡೆದು, ಸುಮಾರು ಶೇ 54.7 ಮತಗಳೊಂದಿಗೆ ದೀಪ ಗೆದ್ದಿತು. ಜಾಫ್ನಾ ಜಿಲ್ಲೆ ಮಾತ್ರ ಅತ್ಯಂತ ದೊಡ್ಡ ಅಂತರದಿಂದ ಮಡಕೆಗೆ ಮತ ಹಾಕಿತ್ತು. ಅಷ್ಟರಲ್ಲಿ ಅಧ್ಯಕ್ಷರು ತಮ್ಮ ಪಕ್ಷದ ಸಂಸದರಿಂದ ದಿನಾಂಕವಿಲ್ಲದ ರಾಜೀನಾಮೆ ಪತ್ರಗಳನ್ನೂ ಬರೆಸಿ ತಮ್ಮ ಬಳಿ ಇಟ್ಟುಕೊಂಡಿದ್ದರು. ಸಹಿ ಮಾಡಿದ ರಾಜೀನಾಮೆ ಪತ್ರ ಅಧ್ಯಕ್ಷರ ಮೇಜಿನ ಡ್ರಾಯರಿನಲ್ಲಿ ಇರುವಾಗ ಯಾವ ಸಂಸದ ಎದ್ದುನಿಂತು ಪ್ರಶ್ನೆ ಕೇಳಿಯಾನು?

ಇದರ ಪರಿಣಾಮ ಕೇವಲ ಪಕ್ಷ ರಾಜಕಾರಣಕ್ಕೆ ನಿಲ್ಲಲಿಲ್ಲ. ಏಳು ತಿಂಗಳ ನಂತರ, 1983ರ ಜುಲೈಯಲ್ಲಿ ತಮಿಳರ ವಿರುದ್ಧ ಭೀಕರ ಹಿಂಸಾಚಾರ ನಡೆಯಿತು. ಅದರ ಬೆನ್ನಿಗೇ ಬಂದ ಆರನೇ ತಿದ್ದುಪಡಿ, ಪ್ರತ್ಯೇಕ ರಾಷ್ಟ್ರದ ಬೇಡಿಕೆಯನ್ನು ತ್ಯಜಿಸುವ ಪ್ರಮಾಣವಚನವನ್ನು ಸಂಸದರಿಗೆ ಕಡ್ಡಾಯಗೊಳಿಸಿತು. ಅದನ್ನು ಒಪ್ಪದ ತಮಿಳು ಸಂಯುಕ್ತ ವಿಮೋಚನಾ ರಂಗದ ಸಂಸದರು, ಎಂದರೆ ಆಗಿನ ಮುಖ್ಯ ವಿರೋಧ ಪಕ್ಷದವರು, ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಅಂತರ್ಯುದ್ಧ ಹೊತ್ತಿಕೊಂಡ ಆ ವರ್ಷಗಳಲ್ಲಿ ದೇಶದ ಸಂಸತ್ತು 1977ರಲ್ಲಿ ಆಯ್ಕೆಯಾದದ್ದೇ ಆಗಿತ್ತು, ಮತ್ತು ಅದರಲ್ಲಿ ಉತ್ತರದ ಜನರ ಪರವಾಗಿ ಮಾತನಾಡುವವರೇ ಇರಲಿಲ್ಲ. ಮುಂದಿನ ಸಾರ್ವತ್ರಿಕ ಚುನಾವಣೆ ನಡೆದದ್ದು 1989ರಲ್ಲಿ. ಯುದ್ಧಕ್ಕೆ ಇದೊಂದೇ ಕಾರಣ ಎಂದು ಹೇಳುವಷ್ಟು ಸರಳವಾದ ಇತಿಹಾಸ ಅದಲ್ಲ. ಆದರೆ ಚುನಾವಣೆ ಸಕಾಲಕ್ಕೆ ನಡೆದು, ಸಿಟ್ಟಾದ ಜನರಿಗೆ ಮತಪೆಟ್ಟಿಗೆಯ ದಾರಿಯೊಂದು ತೆರೆದಿದ್ದರೆ ಎಂಬ ಪ್ರಶ್ನೆಯನ್ನು ಕೇಳದೆ ಆ ದಶಕವನ್ನು ಓದುವುದು ನನಗೆ ಸಾಧ್ಯವಾಗಿಲ್ಲ.

ಆ ನಂತರದವರೂ ಅದೇ ಅಸ್ತ್ರವನ್ನು ಬಳಸಿದರು. 1991ರ ಆಗಸ್ಟಿನಲ್ಲಿ ರಣಸಿಂಘೆ ಪ್ರೇಮದಾಸರ ವಿರುದ್ಧ ಸ್ವಪಕ್ಷದ ಹಿರಿಯರೇ ಸೇರಿ ವಾಗ್ದಂಡನೆಯ ಗೊತ್ತುವಳಿ ತಂದಾಗ ಅವರು ಅಧಿವೇಶನವನ್ನೇ ಮುಂದೂಡಿದರು. ಆ ಬಿಡುವಿನಲ್ಲಿ ಕೆಲವರು ಸಹಿ ಹಿಂತೆಗೆದುಕೊಂಡರು, ಗೊತ್ತುವಳಿ ಬಿದ್ದುಹೋಯಿತು. ಈ ಪದವಿಯನ್ನು 1995ರ ಜುಲೈ 15ರೊಳಗೆ ರದ್ದುಮಾಡುತ್ತೇನೆಂದು ಮಾತುಕೊಟ್ಟು ಗೆದ್ದ ಚಂದ್ರಿಕಾ ಕುಮಾರತುಂಗ ಅವರು 2003ರ ನವೆಂಬರಿನಲ್ಲಿ, ಪ್ರಧಾನಿ ರನಿಲ್ ವಿಕ್ರಮಸಿಂಘೆ ವಾಷಿಂಗ್ಟನ್ನಿನಲ್ಲಿದ್ದಾಗ, ರಕ್ಷಣೆಯೂ ಸೇರಿದಂತೆ ಮೂರು ಖಾತೆಗಳನ್ನು ತಾವೇ ವಹಿಸಿಕೊಂಡು ಸಂಸತ್ತಿನ ಕಲಾಪವನ್ನು ಸ್ಥಗಿತಗೊಳಿಸಿದರು. ಕೆಲವೇ ತಿಂಗಳಲ್ಲಿ ಸಂಸತ್ತನ್ನೇ ವಿಸರ್ಜಿಸಿದರು.

2015 ಬಂದಾಗ ಒಂದು ನಿಜವಾದ ಅವಕಾಶ ಸಿಕ್ಕಿತು. ಮಹಿಂದ ರಾಜಪಕ್ಸೆ 2010ರಲ್ಲಿ ಹದಿನೆಂಟನೇ ತಿದ್ದುಪಡಿಯ ಮೂಲಕ ಎರಡು ಅವಧಿಯ ಮಿತಿಯನ್ನು ತೆಗೆದುಹಾಕಿದ್ದರು. ಅವರ ಸಂಪುಟದಿಂದಲೇ ಹೊರಬಂದು ಅವರನ್ನು ಸೋಲಿಸಿದ ಮೈತ್ರಿಪಾಲ ಸಿರಿಸೇನರ ಕಾಲದಲ್ಲಿ, ಏಪ್ರಿಲ್ 28ರಂದು ಹತ್ತೊಂಬತ್ತನೇ ತಿದ್ದುಪಡಿ ಬಹುತೇಕ ಸರ್ವಾನುಮತದಿಂದ ಅಂಗೀಕಾರವಾಯಿತು. ಅಧ್ಯಕ್ಷರ ಅವಧಿ ಆರರಿಂದ ಐದು ವರ್ಷಕ್ಕೆ ಇಳಿಯಿತು, ಎರಡು ಅವಧಿಯ ಮಿತಿ ಮರಳಿತು. ನನ್ನ ದೃಷ್ಟಿಯಲ್ಲಿ ಅದರ ಜೀವಾಳ ಬೇರೆಯೇ ಕಡೆ ಇತ್ತು: ಸಂಸತ್ತಿಗೆ ನಾಲ್ಕೂವರೆ ವರ್ಷ ತುಂಬುವ ಮೊದಲು, ಮೂರನೇ ಎರಡರಷ್ಟು ಸದಸ್ಯರೇ ಗೊತ್ತುವಳಿ ಮಾಡಿ ಕೇಳಿಕೊಂಡ ಹೊರತು, ಅಧ್ಯಕ್ಷರು ಅದನ್ನು ವಿಸರ್ಜಿಸುವಂತಿಲ್ಲ. ಮನಬಂದಂತೆ ಪ್ರಧಾನಿಯನ್ನು ತೆಗೆಯುವಂತೆಯೂ ಇಲ್ಲ.

ಆ ಬೇಲಿಯನ್ನು ಮೊದಲು ದಾಟಲು ಹೊರಟವರು ಸಿರಿಸೇನರೇ. 2018ರ ಅಕ್ಟೋಬರ್ 26ರ ಸಂಜೆ ಅವರು ವಿಕ್ರಮಸಿಂಘೆಯವರನ್ನು ವಜಾ ಮಾಡಿ, ತಾವೇ ಸೋಲಿಸಿದ್ದ ರಾಜಪಕ್ಸೆಯವರಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದರು. ಬಹುಮತವಿಲ್ಲದ ಕಾರಣ ಮರುದಿನವೇ ಅಧಿವೇಶನವನ್ನು ನವೆಂಬರ್ 16ರವರೆಗೆ ಮುಂದೂಡಿದರು. ಆ ಮೂರು ವಾರ ಏತಕ್ಕೆಂದು ಕನ್ನಡ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕದ ರಾಜ್ಯಪಾಲರು ಬಹುಮತ ಸಾಬೀತಿಗೆ ಕೊಟ್ಟಿದ್ದ ಹದಿನೈದು ದಿನಗಳನ್ನು ಸುಪ್ರೀಂ ಕೋರ್ಟ್ ಕಡಿತಗೊಳಿಸಿ, ಮರುದಿನವೇ ವಿಧಾನಸಭೆಯಲ್ಲಿ ವಿಶ್ವಾಸಮತ ನಡೆಯಬೇಕೆಂದು ಆದೇಶಿಸಿತ್ತು. ಬಹುಮತವನ್ನು ಸದನದಲ್ಲೇ ಅಳೆಯಬೇಕು ಎಂದು 1994ರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ನೆಲೆಗೊಂಡ ತತ್ತ್ವ ನಮ್ಮ ನೆರವಿಗೆ ಇತ್ತು. ಕೊಲಂಬೊದಲ್ಲಿ ಸದನದ ಬಾಗಿಲಿನ ಕೀಲಿ ಅಧ್ಯಕ್ಷರ ಬಳಿಯೇ ಇತ್ತು. ಸಂಸದರಿಗೆ ಹಣದ ಆಮಿಷ ಒಡ್ಡಲಾಗುತ್ತಿದೆ ಎಂಬ ಆರೋಪಗಳು ಅಲ್ಲೂ ಕೇಳಿಬಂದವು. ಅಷ್ಟಾದರೂ ಸಂಖ್ಯೆ ಕೂಡಿಬರಲಿಲ್ಲ. ನವೆಂಬರ್ 9ರಂದು ಸಂಸತ್ತನ್ನೇ ವಿಸರ್ಜಿಸಲಾಯಿತು. 13ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಆ ವಾರ ಸದನದಲ್ಲಿ ನಡೆದದ್ದನ್ನು ಮರೆಯಬಾರದು. 14ರಂದು ರಾಜಪಕ್ಸೆ ವಿರುದ್ಧದ ಅವಿಶ್ವಾಸ ಗೊತ್ತುವಳಿ ಧ್ವನಿಮತದಿಂದ ಅಂಗೀಕಾರವಾಯಿತು. 16ರಂದು ರಾಜಪಕ್ಸೆ ಬೆಂಬಲಿಗರು ಸ್ಪೀಕರ್ ಪೀಠವನ್ನೇ ಆಕ್ರಮಿಸಿದರು. ಸ್ಪೀಕರ್ ಕರು ಜಯಸೂರ್ಯ ಪೊಲೀಸರ ಕಾವಲಿನ ನಡುವೆ ಒಳಬಂದಾಗ ಪುಸ್ತಕಗಳೂ ಕುರ್ಚಿಗಳೂ ಹಾರಿಬಂದವು, ಖಾರದ ಪುಡಿ ಎರಚಲಾಯಿತು. ತಮ್ಮ ಪೀಠವನ್ನು ಸೇರಲಾಗದೆ, ಪೊಲೀಸರ ವೃತ್ತದೊಳಗಿಂದಲೇ ಅವರು ಗೊತ್ತುವಳಿಯನ್ನು ಮತ್ತೆ ಮತಕ್ಕೆ ಹಾಕಿದರು. ಸದನ ಇಷ್ಟೆಲ್ಲ ಸಹಿಸಿಕೊಂಡು ಹೇಳಿದ ಮಾತನ್ನೂ ಅಧ್ಯಕ್ಷರು ಒಪ್ಪಲಿಲ್ಲ. 225 ಸದಸ್ಯರೂ ಒಟ್ಟಾಗಿ ಬಂದು ಕೇಳಿದರೂ ವಿಕ್ರಮಸಿಂಘೆಯವರನ್ನು ಮರಳಿ ನೇಮಿಸುವುದಿಲ್ಲ ಎಂದರು. ಕೊನೆಗೆ ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ವಿಸರ್ಜನೆಯನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಸಂವಿಧಾನದ ಇನ್ನೊಂದು ವಿಧಿಯಲ್ಲಿ ವಿಸರ್ಜನೆಯ ಅಧಿಕಾರದ ಉಲ್ಲೇಖ ಸಾಮಾನ್ಯ ರೂಪದಲ್ಲಿದೆ, ಅದಕ್ಕೆ ಮಿತಿಯಿಲ್ಲ ಎಂಬ ಸರ್ಕಾರಿ ವಾದವನ್ನು ನ್ಯಾಯಾಲಯ ತಳ್ಳಿಹಾಕಿ, ಆ ಅಧಿಕಾರವನ್ನು ನಾಲ್ಕೂವರೆ ವರ್ಷದ ನಿಯಮದೊಂದಿಗೇ ಓದಬೇಕು ಎಂದಿತು. ಮೂರು ದಿನಗಳಲ್ಲಿ ವಿಕ್ರಮಸಿಂಘೆ ಮತ್ತೆ ಪ್ರಧಾನಿಯಾದರು. ನ್ಯಾಯಮೂರ್ತಿಗಳ ಧೈರ್ಯವನ್ನು ಮೆಚ್ಚಲೇಬೇಕು, ಆದರೆ ಅವರ ಕೈಗೆ ಆಧಾರವಾಗಿ ಸಿಕ್ಕಿದ್ದು 2015ರಲ್ಲಿ ಬರೆದ ಆ ಒಂದು ಸಾಲು.

ಆ ಸಾಲನ್ನು ಎರಡೇ ವರ್ಷಗಳಲ್ಲಿ ಅಳಿಸಲಾಯಿತು. 2019ರ ನವೆಂಬರಿನಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ, ಮಹಿಂದರ ತಮ್ಮ ಗೊಟಬಯ ರಾಜಪಕ್ಸೆ, ನಾಲ್ಕೂವರೆ ವರ್ಷ ತುಂಬುತ್ತಿದ್ದಂತೆಯೇ, 2020ರ ಮಾರ್ಚ್ 2ರಂದು ಸಂಸತ್ತನ್ನು ವಿಸರ್ಜಿಸಿದರು. ಕೋವಿಡ್‌ನಿಂದ ಚುನಾವಣೆ ಆಗಸ್ಟ್ 5ಕ್ಕೆ ಹೋಯಿತು. ಹಳೆಯ ಸಂಸತ್ತನ್ನು ಮರಳಿ ಕರೆಯಿರಿ ಎಂಬ ಒತ್ತಾಯಕ್ಕೆ ಅವರು ಕಿವಿಗೊಡದ ಕಾರಣ, ಸಾಂಕ್ರಾಮಿಕದ ಅತ್ಯಂತ ಕಠಿಣ ತಿಂಗಳುಗಳಲ್ಲಿ ದೇಶಕ್ಕೆ ಸಂಸತ್ತೇ ಇರಲಿಲ್ಲ. ಅಕ್ಟೋಬರಿನಲ್ಲಿ ಇಪ್ಪತ್ತನೇ ತಿದ್ದುಪಡಿ 156 ಮತಗಳಿಂದ ಅಂಗೀಕಾರವಾಗಿ, ನಾಲ್ಕೂವರೆ ವರ್ಷದ ಮಿತಿ ಎರಡೂವರೆಗೆ ಇಳಿಯಿತು, ಪ್ರಧಾನಿಯನ್ನು ತೆಗೆಯುವ ಅಧಿಕಾರ ಅಧ್ಯಕ್ಷರಿಗೆ ಮರಳಿತು. 2021ರ ಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ ನಿರ್ಧಾರ ಇಂಥ ವಾತಾವರಣದಲ್ಲಿ ಹುಟ್ಟಿದ್ದು. ಗದ್ದೆಗೆ ಯೂರಿಯಾ ಸಿಗದೆ ರೈತರು ಬೀದಿಗಿಳಿದರು. ನಿಷೇಧ ಸಡಿಲಗೊಂಡದ್ದು ನವೆಂಬರಿನಲ್ಲಿ, ಒಂದು ಬೆಳೆಗೆ ಆಗಬೇಕಾದ ಹಾನಿ ಆದ ಮೇಲೆ. ತೆರಿಗೆ ಕಡಿತ, ಬರಿದಾದ ವಿದೇಶಿ ವಿನಿಮಯ, 2022ರ ಏಪ್ರಿಲಿನಲ್ಲಿ ಸಾಲ ಮರುಪಾವತಿಯ ಸ್ಥಗಿತ ಇವೆಲ್ಲ ನಮಗೆ ಗೊತ್ತಿರುವುದೇ. ಜುಲೈ 13ರಂದು ಅಧ್ಯಕ್ಷರು ಮಾಲ್ಡೀವ್ಸ್‌ಗೆ ಹಾರಿದರು. ಸಂಸತ್ತು ಮಾಡಬೇಕಿದ್ದ ಕೆಲಸವನ್ನು ಬೀದಿ ಮಾಡಿತು.

ಬಲಿಷ್ಠ ಅಧ್ಯಕ್ಷರು ಬೇಕು ಎನ್ನುವವರ ವಾದದಲ್ಲಿ ತೂಕವಿಲ್ಲವೆಂದು ನಾನು ಹೇಳುವುದಿಲ್ಲ. ಇಡೀ ದೇಶವೇ ಒಂದು ಕ್ಷೇತ್ರವಾದಾಗ ಅಭ್ಯರ್ಥಿಗೆ ತಮಿಳರ ಮತ್ತು ಮುಸ್ಲಿಮರ ಮತ ಬೇಕೇ ಬೇಕು, ಆದ್ದರಿಂದ ಈ ಪದವಿ ಅಲ್ಪಸಂಖ್ಯಾತರಿಗೆ ರಕ್ಷೆ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. 2015ರಲ್ಲಿ ಸಿರಿಸೇನ ಗೆದ್ದದ್ದು ಆ ಮತಗಳ ನೆರವಿನಿಂದಲೇ. ಆದರೆ 2019ರಲ್ಲಿ ಗೊಟಬಯ ಬಹುತೇಕ ಸಿಂಹಳ ಮತಗಳಿಂದಲೇ ಶೇ 52 ದಾಟಿದಾಗ ಆ ರಕ್ಷೆಯ ಮಿತಿ ಕಂಡಿತು. ಸಂಸದೀಯ ಪದ್ಧತಿಯಲ್ಲೂ ಪ್ರಧಾನಿಯ ಸಲಹೆಯಂತೆ ಸದನ ವಿಸರ್ಜನೆಯಾಗುವುದಿಲ್ಲವೇ ಎಂಬ ಪ್ರಶ್ನೆಯೂ ಇದೆ. ಆಗುತ್ತದೆ, ಆದರೆ ಹಾಗೆ ಮಾಡಿಸಿದ ಪ್ರಧಾನಿ ತಾನೂ ಜನರ ಮುಂದೆ ನಿಲ್ಲಬೇಕು. ಶ್ರೀಲಂಕಾದ ಅಧ್ಯಕ್ಷರು ಸದನವನ್ನು ಮನೆಗೆ ಕಳಿಸಿ ತಾವು ಅದೇ ಕುರ್ಚಿಯಲ್ಲಿ ಉಳಿಯುತ್ತಾರೆ. ಇತ್ತ ಅಮೆರಿಕದ ಅಧ್ಯಕ್ಷರು ಎಷ್ಟೇ ಬಲಶಾಲಿಯಾದರೂ ಕಾಂಗ್ರೆಸ್ಸನ್ನು ವಿಸರ್ಜಿಸುವ ಅಧಿಕಾರ ಅವರಿಗಿಲ್ಲ. ಎರಡೂ ಪದ್ಧತಿಗಳ ಅಧಿಕಾರವನ್ನು ಕೂಡಿಸಿ, ಎರಡರ ಹೊಣೆಯನ್ನೂ ಕಳೆದು ಮಾಡಿದ ಪದವಿ ಇದು.

ಈಗ ಆ ಕುರ್ಚಿಯಲ್ಲಿರುವವರು ಅನುರ ಕುಮಾರ ದಿಸ್ಸಾನಾಯಕೆ. 2018ರ ಆ ನವೆಂಬರಿನಲ್ಲಿ ರಾಜಪಕ್ಸೆ ವಿರುದ್ಧ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದವರು ಇವರೇ, ಮತ್ತು ಅದೇ ವರ್ಷ ಅಧ್ಯಕ್ಷ ಪದವಿಯನ್ನು ರದ್ದುಗೊಳಿಸುವ ಖಾಸಗಿ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿದ್ದು ಇವರ ಪಕ್ಷವಾದ ಜನತಾ ವಿಮುಕ್ತಿ ಪೆರಮುನ. 2024ರ ಪ್ರಣಾಳಿಕೆಯಲ್ಲೂ ಅದೇ ಭರವಸೆ ಇತ್ತು, ಮತ್ತು ನವೆಂಬರಿನ ಚುನಾವಣೆಯಲ್ಲಿ ಅವರ ಮೈತ್ರಿಕೂಟಕ್ಕೆ 225ರಲ್ಲಿ 159 ಸ್ಥಾನ ಸಿಕ್ಕಿತು. ಸಂವಿಧಾನ ತಿದ್ದುಪಡಿಗೆ ಬೇಕಾದದ್ದು 150. ಅಧಿಕಾರದ ಮೊದಲ ವರ್ಷದಲ್ಲಿ ಆ ಕೆಲಸ ಆಗಲಿಲ್ಲ. ಪದವಿಯನ್ನು ಪೂರ್ತಿಯಾಗಿ ತೆಗೆಯಲು ಜನಮತಗಣನೆ ಬೇಕಾಗಬಹುದು, ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದನ್ನು ಒಪ್ಪೋಣ. ಆದರೆ ನಾಲ್ಕೂವರೆ ವರ್ಷದ ನಿಯಮವನ್ನು 2015ರಲ್ಲಿ ತಂದದ್ದು ಜನಮತಗಣನೆಯಿಲ್ಲದೆ, ಸಂಸತ್ತಿನ ಮೂರನೇ ಎರಡರಷ್ಟು ಮತದಿಂದಲೇ. 2022ರ ಇಪ್ಪತ್ತೊಂದನೇ ತಿದ್ದುಪಡಿ ಕೂಡ ಎರಡೂವರೆ ವರ್ಷದ ಮಿತಿಯನ್ನು ಹಾಗೆಯೇ ಉಳಿಸಿಕೊಂಡಿರುವುದರಿಂದ, ಈಗಿನ ಸಂಸತ್ತನ್ನು 2027ರ ಮೇ ಕಳೆದ ನಂತರ ಅಧ್ಯಕ್ಷರು ತಮಗೆ ಬೇಕಾದ ದಿನ ವಿಸರ್ಜಿಸಬಹುದು. ಆ ದಿನಾಂಕ ಬರುವ ಮೊದಲೇ ಹಳೆಯ ಸಾಲನ್ನು ಸಂವಿಧಾನಕ್ಕೆ ಮರಳಿ ಸೇರಿಸಲು ದಿಸ್ಸಾನಾಯಕೆಯವರಿಗೆ ಬೇರೆ ಯಾವ ಪಕ್ಷದ ಬೆಂಬಲವೂ ಬೇಕಿಲ್ಲ.