ಗುಜರಿಯವನೂ ಬೇಡ ಅಂದಿದ್ದು

ಸಂಕ್ರಾಂತಿ ಹತ್ತಿರ ಬಂತು. ಚಳಿಯಲ್ಲಿ ಗಡಗಡ ನಡುಗುತ್ತಾ ಧೂಳು ಹೊಡೆಯುವ ಸಂಭ್ರಮ ಎಲ್ಲರ ಮನೆಯಲ್ಲೂ ನಡೀತಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಂತೂ ಇವತ್ತು ಯಾರ ಲಾಫ್ಟೂ ಉಳಿಯಲಿಲ್ಲ. ಬೆಳಗ್ಗೆ ಗೇಟಿನ ಹತ್ತಿರ ಗುಜರಿಯವನು ಬಂದಿದ್ದ. ಪಕ್ಕದ ಮನೆಯ ಮೇಡಂ ತಂದಿಟ್ಟಿದ್ದರಲ್ಲಿ ಪೇಪರ್, ಕಬ್ಬಿಣ ತೂಕಕ್ಕೆ ಹಾಕಿಕೊಂಡ. ಬಿರುಕು ಬಿಟ್ಟ ಮೆಲಮೈನ್ ತಟ್ಟೆ, ನಡು ಕುಸಿದ ಫೋಮ್ ಹಾಸಿಗೆ ನೋಡಿ "ಇವು ಬೇಡ ಮೇಡಂ" ಅಂದ. ಮೆಲಮೈನ್ ಕರಗಿಸಲು ಬರಲ್ಲ, ಅದಕ್ಕೆ ಗುಜರಿಯಲ್ಲಿ ಬೆಲೆ ಇಲ್ಲ. ಅವನ ವ್ಯಾಪಾರ ಅವನಿಗೆ ಗೊತ್ತು.

ಮಧ್ಯಾಹ್ನ ಲಿಫ್ಟಿನ ಹತ್ತಿರ ನೋಡ್ತೀನಿ, ಅದೇ ತಟ್ಟೆ, ಅದೇ ಹಾಸಿಗೆ. ಜೊತೆಗೆ ಎಲಾಸ್ಟಿಕ್ ಸತ್ತ ಪೈಜಾಮಗಳು. "ಪಾಪ, ನಿನಗೆ ಉಪಯೋಗಕ್ಕೆ ಬರುತ್ತೆ, ತಗೊಂಡು ಹೋಗಮ್ಮ" ಅಂತಿದ್ದರು ಮೇಡಂ. ಕೆಲಸದ ಅಕ್ಕ "ಹ್ಞೂಂ ಅಕ್ಕಾ" ಅಂದು ನಕ್ಕರು. ಆ ನಗು ನನಗೆ ಗೊತ್ತು. ನಮ್ಮ ಮನೆಗೂ ಅವರೇ ಬರೋದು.

ಗುಜರಿಯವನು ಬೇಡ ಅನ್ನಬಹುದು. ಅಕ್ಕ ಅನ್ನೋ ಹಾಗಿಲ್ಲ. ಸಂಬಳ ಕೊಡುವ ಕೈ, ನಾಳೆ ರಜೆ ಕೇಳಬೇಕಾದ ಕೈ ಅದು. ಅವರಿರೋದು ಒಂದೇ ರೂಮು, ಒಂದು ಅಡುಗೆಮನೆ. ಲಾಫ್ಟ್ ಎಲ್ಲಿಂದ ಬರಬೇಕು? ಶಕ್ತಿ ಯೋಜನೆಯಿಂದ ಬಸ್ಸಿಗೆ ಟಿಕೆಟ್ ದುಡ್ಡು ಇಲ್ಲ, ಸರಿ. ಆ ಹಾಸಿಗೆ ಹೊತ್ತು ಸಂಜೆ ಆರರ ಬಸ್ ಹತ್ತಿ ತೋರಿಸಿ ನೋಡೋಣ.

ಹೈಕೋರ್ಟು 2015ರಲ್ಲಿ ಬೆಂಗಳೂರಿಗೆ ಎರಡು ಡಬ್ಬಿ, ಒಂದು ಚೀಲ ಅಂತ ನಿಯಮ ಮಾಡಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಪ್ಯಾಡು ಡಯಾಪರ್, ಚೀಲಕ್ಕೆ ಒಣ ಕಸ. ನಾವು ಬುದ್ಧಿವಂತರು, ನಾಲ್ಕನೆಯದನ್ನೂ ಕಂಡುಹಿಡಿದಿದ್ದೇವೆ. ಕೆಲಸದವರ ಮನೆ.

ನನ್ನ ಲಾಫ್ಟೇನು ಕಡಿಮೆಯಿಲ್ಲ ಬಿಡಿ. ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆಗಳ ರಾಶಿಯೇ ಇತ್ತು, ಯಾವ ಮದುವೆ, ಯಾವ ಗೃಹಪ್ರವೇಶ ಅಂತಲೂ ನೆನಪಿಲ್ಲ. ಒಂದು ಬುಟ್ಟಿ ತುಂಬ ಬ್ಲೌಸ್ ಪೀಸು. ಅರಿಶಿನ ಕುಂಕುಮದ ಬ್ಲೌಸ್ ಪೀಸನ್ನು ಯಾರೂ ಹೊಲಿಸಲ್ಲ, ಎಲ್ಲರಿಗೂ ಗೊತ್ತು. ಅದು ಈ ಮನೆಯಿಂದ ಆ ಮನೆಗೆ ತಿರುಗುತ್ತಾ, ಕೊನೆಗೆ ಕೊಟ್ಟವರ ಕೈಗೇ ಸೇರುತ್ತೆ. ಆಮೇಲೆ ಎಳ್ಳು ಬೀರಿದ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು, ಮೂಲೆಯಲ್ಲಿ ಇನ್ನೂ ಜೀರಿಗೆ ಪೆಪ್ಪರಮಿಂಟಿನ ಬಣ್ಣ ಅಂಟಿಕೊಂಡಿರುವಂಥವು. ಸೀನು ಸೀನಿ ನನ್ನ ಮೂಗು ಕೆಂಪಾಗಿದೆ.

"ಮರುಬಳಕೆ ಒಳ್ಳೇದಲ್ವಾ? ಬಿಸಾಕೋದಕ್ಕಿಂತ ಯಾರಿಗಾದ್ರೂ ಆಗಲಿ" ಅಂತ ಕಾಮೆಂಟ್ ಹಾಕೋಕೆ ಕೆಲವರು ಆಗಲೇ ಟೈಪ್ ಮಾಡ್ತಿರಬಹುದು. ಮರುಬಳಕೆ ಅಂದರೆ ಯಾರೋ ಬಳಸಬೇಕು ಸ್ವಾಮಿ. ಬಿರುಕಿನ ತಟ್ಟೆಯಲ್ಲಿ ನೀವು ಉಣ್ಣಲ್ಲ, ಅವರ ಮಕ್ಕಳು ಉಣ್ಣಬೇಕಾ? ಆ ಹಾಸಿಗೆ ಎರಡು ದಿನದಲ್ಲಿ ಅವರ ಬೀದಿಯ ಕೊನೆಗೆ ಬೀಳುತ್ತೆ. ಆಗ "ಇವರ ಏರಿಯಾ ಎಷ್ಟು ಗಲೀಜು" ಅಂತ ಕಾರಿನ ಗಾಜು ಏರಿಸಿಕೊಳ್ಳೋದೂ ನಾವೇ.

ನಾನು ಬೆಳೆದಿದ್ದೇ ಬೇರೆಯವರು ತೊಟ್ಟು ಬಿಟ್ಟ ಬಟ್ಟೆಯಲ್ಲಿ. ನಮ್ಮ ದೊಡ್ಡಮ್ಮ ಅಕ್ಕನ ಲಂಗ ಕೊಡುವ ಮುಂಚೆ ಒಗೆದು, ಗಂಜಿ ಹಾಕಿ, ಉದುರಿದ ಹುಕ್ ಹೊಲಿದು, ಅಂಚು ಒಳಗೆ ಮಡಚಿ ಹೊಲಿಗೆ ಹಾಕುತ್ತಿದ್ದರು, ನಾನು ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಅಂತ. "ಹಿಡಿಸಿದರೆ ಹಾಕ್ಕೋ" ಅನ್ನುತ್ತಿದ್ದರು. ಹಿಡಿಸದಿದ್ದರೆ ವಾಪಸ್ ಕೊಡಬಹುದಿತ್ತು, ಕೊಟ್ಟಿದ್ದೂ ಉಂಟು. ಹಳೆ ಬಟ್ಟೆ ಹಾಕಿಕೊಂಡೆ ಅಂತ ನನಗೆ ಯಾವತ್ತೂ ಅವಮಾನ ಆಗಿಲ್ಲ. ಅದಕ್ಕೇ ಇವತ್ತು ಇಷ್ಟು ಉರೀತಿದೆ.

ಈಗ ಬಟ್ಟೆ ಸಂಗ್ರಹಿಸುವ ಗೂಂಜ್‌ನಂಥ ಸಂಸ್ಥೆಗಳೂ ಹೇಳೋದು ಇದನ್ನೇ, ಒಗೆದಿರಲಿ, ಉಪಯೋಗಿಸುವ ಹಾಗಿರಲಿ ಅಂತ. 2019ರಲ್ಲಿ, ಮನೆ ಅಚ್ಚುಕಟ್ಟಾಗಿ ಇಡೋದು ಹೇಳಿಕೊಡುವ ಜಪಾನಿನ ಮೇರಿ ಕೊಂಡೊ ಅವರ ಟಿವಿ ಶೋ ನೋಡಿ, ಖುಷಿ ಕೊಡದ ವಸ್ತುವೆಲ್ಲ ಮನೆಯಿಂದ ಹೊರಗೆ ಅಂತ ನಮ್ಮವರೂ ಹೊರಟರು. ಹೊರಗೆ ಅಂದರೆ ಎಲ್ಲಿಗೆ ಅಂತ ಮಾತ್ರ ಯಾರೂ ಕೇಳಲಿಲ್ಲ. (ಮೂರನೇ ಮಗು ಆದಮೇಲೆ ತಮ್ಮ ಮನೆಯೂ ಅಸ್ತವ್ಯಸ್ತ ಅಂತ 2023ರಲ್ಲಿ ಆಕೆಯೇ ಹೇಳಿದ್ದು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ!)

ಸರಿ, ಕೆಲಸದ ಮಾತು. ಎರಡು ಉಣ್ಣೆ ರಗ್ಗು ಒಗೆದು ಬಿಸಿಲಿಗೆ ಹಾಕಿದ್ದೇನೆ, ತೂತಿಲ್ಲ. ಒಂದು ಇಡ್ಲಿ ಪಾತ್ರೆ, ತಟ್ಟೆಗಳೆಲ್ಲ ಇವೆ. ಅಕ್ಕನನ್ನು ಮೊದಲು ಕೇಳಿದೆ. ಇಡ್ಲಿ ಪಾತ್ರೆ ಮನೇಲಿದೆ, ರಗ್ಗಲ್ಲಿ ಒಂದು ಸಾಕು ಅಂದರು. ಉಳಿದಿದ್ದು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಮತ್ತೆ ಈ ಸಲ ನಮ್ಮ ಮನೆಗೆ ಎಳ್ಳು ಬೀರೋಕೆ ಬರುವವರು ಪೇಪರ್ ಪೊಟ್ಟಣದಲ್ಲಿ ತನ್ನಿ. ಡಬ್ಬಿ ತಂದರೆ ಎಳ್ಳು ಸುರಿದುಕೊಂಡು ಡಬ್ಬಿ ವಾಪಸ್ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ.