ಡಾಕ್ಟರ್ ಚೀಟಿ ಒಂದೇ ಸಾಲದು

ಮಗುವಿನ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಡಾಕ್ಟರ್ ಚೀಟಿ ಇದ್ದರೆ ಸಾಕು ಎಂದು ಲೇಖನವೊಂದರಲ್ಲಿ ಓದಿದೆ. ಆಟಿಸಂ ವಿಷಯದಲ್ಲಿ ಅದು ಸಾಲದು. ಚೀಟಿಯಲ್ಲಿ ಬರೀ ಕಾಯಿಲೆಯ ಹೆಸರು ಇರುತ್ತೆ, ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮುಖ್ಯ ಸವಲತ್ತುಗಳಿಗೆ ಕನಿಷ್ಠ ಶೇ 40 ವೈಕಲ್ಯ ಬೇಕು. ಅದಕ್ಕೆ ಐಎಸ್‌ಎಎ ಎಂಬ, ಆಟಿಸಂ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಮಾಡುತ್ತಾರೆ: 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. ಎಷ್ಟೋ ಅಂಶಗಳಿಗೆ ಹೆತ್ತವರ ಮಾತೇ ಆಧಾರ. ನಮ್ಮವರೋ, ಸಂಕೋಚಕ್ಕೆ ‘ಪರವಾಗಿಲ್ಲ, ಊಟ ಮಾಡ್ತಾನೆ’ ಅಂದುಬಿಡುತ್ತಾರೆ. ಬಿಳಿ ಅನ್ನ, ಮೊಸರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಅದೂ ಅದೇ ತಟ್ಟೆಯಲ್ಲೇ ಆಗಬೇಕು ಎನ್ನುವುದನ್ನು ಹೇಳುವುದೇ ಇಲ್ಲ! ಪರೀಕ್ಷೆಯ ದಿನ ಮಗು ಸುಮ್ನೆ ಕೂತುಬಿಟ್ಟರಂತೂ ಮುಗೀತು, ತೊಂದರೆ ಕಡಿಮೆ ಅಂತಲೇ ಲೆಕ್ಕ. ಥೆರಪಿಸ್ಟ್ ವರದಿ, ಟೀಚರ್ ಬರೆದುಕೊಟ್ಟ ಪತ್ರ, ಮನೆಯಲ್ಲಿ ಹಟ ಹಿಡಿದಾಗ ತೆಗೆದ ಮೊಬೈಲ್ ವಿಡಿಯೊ ಜೊತೆಗಿರಲಿ. ಕಾಗದಗಳಿಗೆಲ್ಲ ಜೆರಾಕ್ಸ್ ಇಟ್ಟುಕೊಳ್ಳಿ. ತಾತ್ಕಾಲಿಕ ಸರ್ಟಿಫಿಕೇಟ್ ಕೊಟ್ಟರೆ ಅವಧಿ ಮುಗಿದ ಮೇಲೆ ಮತ್ತೆ ತಪಾಸಣೆ ಇರುತ್ತದೆ.